ಹಿಮದಡಿಯ ಹದಿನೈದು ನಿಮಿಷ

ಮುಡುಕುತೊರೆ ಜಾತ್ರೆಗೆ ಬಂದವರು ಪಕ್ಕದ ತಲಕಾಡಿನ ಮರಳು ದಿಬ್ಬವನ್ನೂ ಹತ್ತಿ ಹೋಗುವುದುಂಟು. ಒಣಮರಳಿನ ಇಳಿಜಾರು ಸುಮಾರು 34 ಡಿಗ್ರಿ ಮೀರಿದರೆ ಕಾಲಡಿಯ ಮರಳು ಜಾರುತ್ತದೆ, ತುಸು ದೂರ ಹರಡಿ ನಿಲ್ಲುತ್ತದೆ. ಹಿಮದ ವರ್ತನೆ ಬೇರೆ. ಹಳೆಯ ಸಡಿಲ ಪದರದ ಮೇಲೆ ಗಾಳಿ ಒತ್ತಿ ಗಟ್ಟಿ ಮಾಡಿದ ಹೊಸ ಹಿಮ ಕೂತಿದ್ದರೆ, ಒಬ್ಬನೇ ಒಬ್ಬ ಸ್ಕೀಯರ್‌ನ ಭಾರಕ್ಕೆ ಒಳಪದರ ಕುಸಿದು ಇಡೀ ಇಳಿಜಾರು ಕಳಚಿಕೊಳ್ಳಬಹುದು. ಇಂಥ ಕುಸಿತ ಹೆಚ್ಚಾಗಿ 30ರಿಂದ 45 ಡಿಗ್ರಿಯಲ್ಲಿ. ಪುಡಿಹಿಮದಲ್ಲಿ ಸ್ಕೀ ಮಾಡುವವರು ಹುಡುಕಿಕೊಂಡು ಹೋಗುವುದೂ ಅದೇ ಇಳಿಜಾರನ್ನು.

ಕನ್ನಡಿಗರ ಮನಸ್ಸಿನಲ್ಲಿ ಹಿಮಕುಸಿತ ಎಂದರೆ ಹನುಮಂತಪ್ಪ ಕೊಪ್ಪದ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹತ್ತು ಮಂದಿ ಯೋಧರು ಹಿಮದಡಿ ಸಿಲುಕಿದರು. ಆರು ದಿನಗಳ ನಂತರ ಜೀವಂತವಾಗಿ ಸಿಕ್ಕ ಬೆಟದೂರಿನ ಹನುಮಂತಪ್ಪ, ಫೆಬ್ರುವರಿ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ಆ ಛಲಕ್ಕೆ ನಾಡು ತಲೆಬಾಗಿದ್ದು ಸರಿಯೇ. ಆದರೆ ಚಾರಣಿಗರು ಅದನ್ನೇ ಅಳತೆಗೋಲು ಮಾಡಿಕೊಳ್ಳಬಾರದು. ಪೂರ್ತಿ ಹೂತುಹೋದವರು ಹತ್ತು-ಹದಿನೈದು ನಿಮಿಷದೊಳಗೆ ಹೊರಬಂದರೆ ಬದುಕುವ ಸಾಧ್ಯತೆ ಚೆನ್ನಾಗಿರುತ್ತದೆ. ಅರ್ಧ ಗಂಟೆಯ ಹೊತ್ತಿಗೆ ಹೆಚ್ಚಿನವರು ಉಸಿರುಗಟ್ಟಿರುತ್ತಾರೆ. ಹೆಲಿಕಾಪ್ಟರ್ ಅಷ್ಟರಲ್ಲಿ ಬರುವುದಿಲ್ಲ. ಉಳಿಸಬೇಕಾದವರು ಜೊತೆಗಾರರೇ.

ಅದಕ್ಕಾಗಿಯೇ ಹೂತವರ ಜಾಗವನ್ನು ರೇಡಿಯೋ ಸಂಕೇತದಿಂದ ತೋರುವ ಬೀಕನ್, ಹಿಮಕ್ಕೆ ಚುಚ್ಚಿ ಹುಡುಕುವ ಪ್ರೋಬ್ ಕೋಲು, ಅಗೆಯಲು ಸಲಿಕೆ. ಈ ಮೂರೂ ಪ್ರತಿಯೊಬ್ಬರ ಬಳಿ ಇರಬೇಕೆಂಬ ಪದ್ಧತಿ ಒಳ್ಳೆಯದು. ಅದರ ಮಿತಿಯೂ ಸ್ಪಷ್ಟ: ಇವೆಲ್ಲ ಕುಸಿತವಾದ ಮೇಲಿನ ಸಾಧನಗಳು. ಬಂಡೆಗೋ ಮರಕ್ಕೋ ಬಡಿದ ದೇಹಕ್ಕೆ ಬೀಕನ್ ಏನು ಮಾಡೀತು? ಸ್ಕೀಯರ್‌ಗಳಿಗೆ, ಚಾರಣಿಗರಿಗೆ ಸಾವು ತಂದ ಕುಸಿತಗಳಲ್ಲಿ ಬಹುಪಾಲಿಗೆ ಕಾರಣರಾದದ್ದು ಸಿಲುಕಿದವರೇ ಅಥವಾ ಅವರ ತಂಡದವರೇ. ಹಾಗಾಗಿ ಮೊದಲ ರಕ್ಷಣೆ, ಆ ಇಳಿಜಾರಿಗೆ ಕಾಲಿಡದಿರುವ ತೀರ್ಮಾನ.

ಕಾಶ್ಮೀರದ ಗುಲ್ಮಾರ್ಗ್‌ನ ಅಫರ್ವಟ್ ಶಿಖರದಲ್ಲಿ 2023ರ ಫೆಬ್ರುವರಿ 1ರಂದು ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಹಿಮಕುಸಿತಕ್ಕೆ ಸಿಲುಕಿ ಸತ್ತರು. ಅದಕ್ಕೂ ಮುನ್ನ, 2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ದ್ರೌಪದಿ ಕಾ ದಂಡಾದಲ್ಲಿ ಪರ್ವತಾರೋಹಣ ತರಬೇತಿಯ ತಂಡವೇ ಹಿಮದಡಿ ಸಿಲುಕಿತು. ಮೃತರಲ್ಲಿ ಕರ್ನಾಟಕದವರೂ ಇದ್ದರು. ‘ಗೈಡ್ ಇದ್ದಾರಲ್ಲ’ ಎಂಬ ಧೈರ್ಯವನ್ನು ಆ ದಿನ ಅಲುಗಾಡಿಸಿದೆ.

ಚಂಡೀಗಢದ ರಕ್ಷಣಾ ಸಂಶೋಧನಾ ಸಂಸ್ಥೆ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. ಅದು ವಿಸ್ತಾರವಾದ ಪ್ರದೇಶಕ್ಕೆ ಸಂಬಂಧಿಸಿದ್ದು; ಕಣ್ಣೆದುರಿನ ಇಳಿಜಾರನ್ನು ಚಾರಣಿಗರೇ ಓದಬೇಕು. ರಾಮನಗರದ ಬಂಡೆಗಳಲ್ಲಿ ಹಗ್ಗ ಕಟ್ಟುವುದನ್ನು ಕಲಿಸುವ ನಮ್ಮ ಸಾಹಸ ಸಂಸ್ಥೆಗಳು ಇದನ್ನೂ ಕಲಿಸಬೇಕು. ಇಳಿಜಾರಿನ ಕೋನವನ್ನು ಯಾವ ಗುಡ್ಡದಲ್ಲಾದರೂ ಅಳೆಯಬಹುದು, ಹೂತಿಟ್ಟ ಬೀಕನ್ ಹುಡುಕುವುದನ್ನು ಊರಿನ ಮೈದಾನದಲ್ಲೇ ಗಡಿಯಾರ ಹಿಡಿದು ಅಭ್ಯಾಸ ಮಾಡಬಹುದು.