ಕೋಟೆಯೂ ಮಂಟಪವೂ

ಕಾವ್ಯಕ್ಕೆ ಕರ್ತೃವೊಬ್ಬನಿರುವನು, ಗುಣದೋಷಗಳೆರಡೂ ಅವನಿಗೇ ಸಲ್ಲುವುವು. ಊರಿನ ನಡುವೆ ನಿಲ್ಲುವ ವಸ್ತುಸಂಗ್ರಹಾಲಯ, ಸ್ಮಾರಕ, ಉದ್ಯಾನ, ಉತ್ಸವದ ಬೀದಿ ಮೊದಲಾದುವಕ್ಕೆ ಹೀಗೆ ಒಬ್ಬನೇ ಕರ್ತೃವಿಲ್ಲ. ಕಟ್ಟಿಸುವ ಎಂಜಿನಿಯರು, ಶಾಸನವನ್ನೋದುವ ಪಂಡಿತ, ಶಿಲ್ಪಿ, ಬಡಗಿ, ದೀಪವಿಡುವವನು, ಹಣ ಮಂಜೂರು ಮಾಡುವ ಅಧಿಕಾರಿ, ಇವರೆಲ್ಲರ ಕೈಯೂ ಅಲ್ಲಿ ಸೇರಿರುವುದು. ಆದರೂ ನೋಡುವವನ ಪಾಲಿಗೆ ಅದು ಒಂದೇ ಕೃತಿ. ಆದುದರಿಂದ ಕ್ಷೇಮೇಂದ್ರನು ಕಾವ್ಯಕ್ಕೆ ಪ್ರಾಣವೆಂದೆಣಿಸಿದ ಔಚಿತ್ಯವನ್ನು ಇಂತಹ ಸ್ಥಳಗಳಲ್ಲಿಯೂ ಹುಡುಕುವುದು ನ್ಯಾಯ. ಅಂಗಗಳು ಒಂದಕ್ಕೊಂದು ಹೊಂದಿವೆಯೇ? ಒಳಹೊಕ್ಕವನು ಒಂದು ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಬರುವನೇ? ಈ ಎರಡು ಪ್ರಶ್ನೆಗಳನ್ನು ಕೇಳುವುದಕ್ಕೆ ಮಡಿಕೇರಿಯಂತಹ ಸಣ್ಣ ಊರಿನಲ್ಲಿಯೇ ಮೂರು ಉದಾಹರಣೆಗಳು ದೊರೆಯುವುವು.

ಮೊದಲನೆಯದು ಜನರಲ್ ತಿಮ್ಮಯ್ಯನವರ ಬಾಲ್ಯದ ಮನೆಯಾದ ‘ಸನ್ನಿ ಸೈಡ್’. 1906ರಲ್ಲಿ ಮಡಿಕೇರಿಯಲ್ಲಿ ಜನಿಸಿ, 1957ರಿಂದ 1961ರ ವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದು, 1965ರಲ್ಲಿ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯನ್ನು ನಡಸುತ್ತಿರುವಾಗಲೇ ತೀರಿಕೊಂಡ ಈ ಸೇನಾನಿಯ ಮನೆಯು, ಕೆಲವು ಕಾಲ ಸಾರಿಗೆ ಇಲಾಖೆಯ ಕಚೇರಿಯಾಗಿದ್ದಿತು. ನಿವೃತ್ತ ಯೋಧರ ಬಹುದಿನದ ಪ್ರಯತ್ನ, ಸರ್ಕಾರದ ಹಣ, ಸೇನೆಯ ನೆರವು ಇವು ಮೂರೂ ಕೂಡಿದುದರಿಂದ ಅದು ಸ್ಮಾರಕ ಸಂಗ್ರಹಾಲಯವಾಗಿ, 2021ರ ಫೆಬ್ರವರಿ 6ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದರಿಂದ ಉದ್ಘಾಟನೆಗೊಂಡಿತು. ಇಲ್ಲಿ ಕೈಗಳು ಹಲವಾದರೂ ಕಥಾನಾಯಕನೊಬ್ಬನೇ. ಕೋಣೆಯಿಂದ ಕೋಣೆಗೆ ನಡೆಯುವವನಿಗೆ ದಾರಿ ತಪ್ಪುವ ಭಯವಿಲ್ಲ. 1948ರ ನವೆಂಬರಿನಲ್ಲಿ ಜೋಜಿಲಾ ಕಣಿವೆಯ ಎತ್ತರಕ್ಕೆ ಟ್ಯಾಂಕುಗಳನ್ನು ಏರಿಸಿ ಗೆದ್ದವರ ಮನೆಯಂಗಳದಲ್ಲಿ ಟ್ಯಾಂಕೊಂದು ನಿಂತಿರುವುದು ಅನುಚಿತವೆನಿಸದು. ಒಂದು ಕೊರತೆಯನ್ನು ಮಾತ್ರ ಹೇಳಬೇಕು. ಆಯುಧಗಳ ಆರ್ಭಟದ ಮುಂದೆ ಮನೆಯ ಧ್ವನಿ ತಗ್ಗಿರುವುದು. ಕೊಡಗಿನ ಒಂದು ಮನೆತನವು ಮಗನನ್ನು ಸೇನೆಗೆ ಕಳುಹಿಸುವಾಗ ತಾಯಿಯ ಮನಸ್ಸಿನಲ್ಲಿ ಏನಿದ್ದಿತೆಂಬುದನ್ನು ಆ ಗೋಡೆಗಳು ಇನ್ನಷ್ಟು ಹೇಳಬಹುದಾಗಿದ್ದಿತು. ವೀರವು ಮೆರೆದಿದೆ, ವಾತ್ಸಲ್ಯಕ್ಕೆ ಎಡೆ ಸಾಲದಾಗಿದೆ. ಒಟ್ಟಿನಲ್ಲಿ ಕೃತಿ ಗೆದ್ದಿರುವುದು.

ಎರಡನೆಯದು ಕೋಟೆ. ಸಾಮಗ್ರಿಯ ಸಂಪತ್ತಿನಲ್ಲಿ ಸನ್ನಿ ಸೈಡ್ ಇದಕ್ಕೆ ಸಮವಲ್ಲ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಮುದ್ದುರಾಜನು ಮಣ್ಣಿನಿಂದ ಕಟ್ಟಿಸಿದ ಕೋಟೆಯನ್ನು ಟಿಪ್ಪುಸುಲ್ತಾನನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದೆಂದು ಹೆಸರಿಟ್ಟನು. ಈಗಿನ ಅರಮನೆಯು 1812ರಿಂದ 1814ರ ವರೆಗಿನ ಅವಧಿಯಲ್ಲಿ ಲಿಂಗರಾಜೇಂದ್ರನಿಂದ ಆದುದು. 1834ರಲ್ಲಿ ಚಿಕ್ಕವೀರರಾಜೇಂದ್ರನು ಪದಚ್ಯುತನಾದ ಮೇಲೆ ಕೊಡಗು ಇಂಗ್ಲಿಷರ ವಶವಾಯಿತು. 1837ರ ದಂಗೆಯ ನಾಯಕರಲ್ಲೊಬ್ಬನಾದ ಗುಡ್ಡೆಮನೆ ಅಪ್ಪಯ್ಯಗೌಡನನ್ನು ಗಲ್ಲಿಗೇರಿಸಿದುದೂ ಈ ಕೋಟೆಯ ಬಳಿಯಲ್ಲಿಯೇ. ಬಳಿಕ ವೀರಭದ್ರನ ಗುಡಿಯಿದ್ದ ಎಡೆಯಲ್ಲಿ ಇಂಗ್ಲಿಷರ ಇಗರ್ಜಿ ಎದ್ದಿತು. 1933ರಲ್ಲಿ ಅರಮನೆಗೆ ಗಡಿಯಾರದ ಗೋಪುರ ಬಂದಿತು. ಇಗರ್ಜಿಯು ಈಗ ರಾಜ್ಯದ ಪುರಾತತ್ತ್ವ ಇಲಾಖೆಯ ಸಂಗ್ರಹಾಲಯವಾಗಿದ್ದು, ಬಣ್ಣದ ಗಾಜಿನ ಕಿಟಕಿಗಳ ಬೆಳಕಿನಲ್ಲಿ ಜಿನಬಿಂಬಗಳೂ ವೀರಗಲ್ಲುಗಳೂ ನಿಂತಿರುವುವು. ಹೊರಗೆ ಗಾರೆಯ ಆನೆಗಳೆರಡು ಮಳೆಬಿಸಿಲಿಗೆ ಮೈಯೊಡ್ಡಿರುವುವು.

ಇಷ್ಟೆಲ್ಲ ಇದ್ದರೂ ಕೋಟೆಗೆ ಹೋಗಿಬಂದವನು ಏನನ್ನು ನೆನಪಿಡುವನು? ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವನ್ನು ಓದಿ ಬಂದವನಾದರೆ ರಾಜನ ದುರಂತವನ್ನು ತಾನೇ ಆ ಗೋಡೆಗಳ ಮೇಲೆ ಬರೆದುಕೊಳ್ಳುವನು. ಓದದವನಿಗೆ ಅದು ಹಳೆಯ ಕಟ್ಟಡ, ಹಳೆಯ ಕಲ್ಲು, ಎರಡು ಆನೆ. ಅರಮನೆಯ ರಕ್ಷಣೆ ಕೇಂದ್ರದ ಇಲಾಖೆಗೆ, ಇಗರ್ಜಿಯ ವಸ್ತುಗಳು ರಾಜ್ಯದ ಇಲಾಖೆಗೆ, ಪುಸ್ತಕಭಂಡಾರವು ಮತ್ತೊಂದಕ್ಕೆ, ಕೋಟೆಗಣಪತಿಯ ಪೂಜೆ ಭಕ್ತರಿಗೆ. ಬಹುಕಾಲ ಅರಮನೆಯಲ್ಲಿಯೇ ಇದ್ದ ಜಿಲ್ಲೆಯ ಕಚೇರಿಗಳು ಹೊಸ ಕಟ್ಟಡಗಳಿಗೆ ಹೊರಟುಹೋದುವು. ಪ್ರತಿಯೊಬ್ಬರೂ ತಮ್ಮ ಪಾಲಿನ ಕರ್ತವ್ಯವನ್ನು ನಡಸುತ್ತಿರಬಹುದು. ಆದರೆ ಒಂದರ ಕೊನೆಗೂ ಇನ್ನೊಂದರ ಮೊದಲಿಗೂ ನಡುವೆ ಇರುವ ಸಂದಿಯು ಯಾರ ಪಾಲಿಗೂ ಸೇರಿಲ್ಲ. ಗುಡಿಯಿದ್ದಲ್ಲಿ ಇಗರ್ಜಿ, ಇಗರ್ಜಿಯಲ್ಲಿ ವೀರಗಲ್ಲು ಎಂಬ ಈ ವಿಚಿತ್ರ ಪರಂಪರೆಯೇ ಕೊಡಗಿನ ಎರಡು ನೂರು ವರ್ಷಗಳ ಚರಿತ್ರೆಯ ಸಾರ. ಆ ಸಂದಿಯಲ್ಲಿ ಬಿದ್ದುಹೋಗುತ್ತಿರುವುದೂ ಅದೇ. ದೋಷವು ವ್ಯಕ್ತಿಗಳದಲ್ಲ, ಬಂಧದ್ದು.

ಮೂರನೆಯ ಉದಾಹರಣೆಗೆ ಗೋಡೆಯೂ ಇಲ್ಲ, ಮಾಡೂ ಇಲ್ಲ. ನವರಾತ್ರಿಯ ಮೊದಲಲ್ಲಿ ನಾಲ್ಕು ಶಕ್ತಿದೇವತೆಗಳ ಕರಗಗಳು ಮಡಿಕೇರಿಯ ಬೀದಿಗಿಳಿಯುವುವು. ವಿಜಯದಶಮಿಯ ರಾತ್ರಿ ಹತ್ತು ದೇವಾಲಯಗಳ ಹತ್ತು ಮಂಟಪಗಳು ಹೊರಟು ಬೆಳಗಿನ ವರೆಗೂ ಊರನ್ನೇ ರಂಗಸ್ಥಳವನ್ನಾಗಿ ಮಾಡುವುವು. ಇಲ್ಲಿಯ ಕ್ರಮವನ್ನು ಗಮನಿಸತಕ್ಕದ್ದು. ಮೊದಲು ಪುರಾಣದಿಂದ ಒಂದು ಕಥೆಯನ್ನು ಆರಿಸುವರು. ಆಮೇಲೆ ಮೂರ್ತಿ ಮಾಡುವವನು, ಕಬ್ಬಿಣ ಬೆಸೆಯುವವನು, ಮೂರ್ತಿಗಳಿಗೆ ಚಲನೆ ಕೊಡುವವನು, ದೀಪದವನು, ವಾದ್ಯದವನು ಎಲ್ಲರೂ ಆ ಕಥೆಗೆ ಅಧೀನರು. ಅಸುರನು ಬೀಳುವ ಕ್ಷಣದಲ್ಲಿಯೇ ಬೆಳಕು ಬದಲಾಗಬೇಕು, ಸದ್ದು ಏಳಬೇಕು; ಒಬ್ಬನು ತಪ್ಪಿದರೆ ಹತ್ತು ಮಂದಿಯ ಶ್ರಮ ಹಾಳು. ಇವರಲ್ಲಿ ಯಾರೂ ಸಹಕಾರದ ಮೇಲೆ ವ್ಯಾಖ್ಯಾನ ಬರೆದವರಲ್ಲ. ಕಥೆಯೇ ಅವರನ್ನು ಕೂಡಿಸಿರುವುದು. ದೋಷವಿಲ್ಲವೆಂದಲ್ಲ. ಬಹುಮಾನದ ಸ್ಪರ್ಧೆಯಲ್ಲಿ ಸದ್ದೂ ಬೆಳಕೂ ವರ್ಷವರ್ಷಕ್ಕೆ ಬೆಳೆದು, ಅದ್ಭುತವು ಭಕ್ತಿಯನ್ನು ಮುಚ್ಚಿಬಿಡುವುದುಂಟು. ಆದರೂ ಕಥೆ ಮೊದಲು, ಕೈಗಳು ಆಮೇಲೆ ಎಂಬ ಈ ಕ್ರಮವು ಕೋಟೆಗೆ ಪಾಠವಾಗಬಲ್ಲುದು.

ಹಾಗಾದರೆ ಕೋಟೆಯ ಕಥೆಯನ್ನು ಹೇಳುವವರು ಯಾರು? ಕೊಡಗಿಗೆ ಇದಕ್ಕಾಗಿ ದೂರ ಹೋಗಬೇಕಾದುದಿಲ್ಲ. 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಹೊರತಂದ ನಡಿಕೇರಿಯಂಡ ಚಿಣ್ಣಪ್ಪನವರು ಪೊಲೀಸ್ ಅಧಿಕಾರಿಗಳು, ಜನರ ಬಾಯಲ್ಲಿದ್ದ ಹಾಡುಗಳನ್ನೂ ಪದ್ಧತಿಗಳನ್ನೂ ಬರೆದಿಟ್ಟು ಒಂದು ಜನಾಂಗದ ನೆನಪನ್ನು ಉಳಿಸಿದರು. ಆ ಗ್ರಂಥವನ್ನು 2003ರಲ್ಲಿ ಇಂಗ್ಲಿಷಿಗೆ ತಂದ ಬೊವ್ವೇರಿಯಂಡ ದಂಪತಿಗಳಲ್ಲಿ ನಂಜಮ್ಮನವರು ಸಂಖ್ಯಾಶಾಸ್ತ್ರವನ್ನು ಬಲ್ಲವರು, ಚಿಣ್ಣಪ್ಪನವರು ಎಂಜಿನಿಯರು. ಊರೂರು ಸುತ್ತಿ ಕೊಡಗಿನ ಐನ್‌ಮನೆಗಳನ್ನು ದಾಖಲೆ ಮಾಡಿದವರೂ ಇವರೇ. ಎಣಿಸಬಲ್ಲ ಕಣ್ಣೂ ಕಟ್ಟಡವನ್ನರಿತ ಕಣ್ಣೂ ಹಾಡನ್ನು ಬಲ್ಲ ಕಿವಿಯೂ ಒಂದೆಡೆ ಸೇರಿದುದರಿಂದಲೇ ಆ ಕೆಲಸ ಸಾಧ್ಯವಾಯಿತು. ನೆರೆಯ ಮೈಸೂರಿನಲ್ಲಿಯೂ 1968ರಲ್ಲಿ ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವು ರೂಪುಗೊಂಡಾಗ, ಜೀ.ಶಂ. ಪರಮಶಿವಯ್ಯನವರ ಪಾಂಡಿತ್ಯಕ್ಕೆ ಪಿ.ಆರ್. ತಿಪ್ಪೇಸ್ವಾಮಿಯವರ ಚಿತ್ರಕಾರನ ದೃಷ್ಟಿ ಜೊತೆಗೂಡಿದ್ದಿತು.

ಅರಮನೆಯು ನಾಳೆ ಏನಾಗಬೇಕೆಂದು ಆಲೋಚಿಸುವವರ ಮೇಜಿನ ಸುತ್ತ ಇಂತಹವರೆಲ್ಲರಿಗೂ ಸ್ಥಾನವಿರಬೇಕು. ಮಳೆಯನ್ನೂ ಮಣ್ಣನ್ನೂ ಬಲ್ಲವನಿಲ್ಲದೆ ಕೆಲಸ ಸಾಗದು. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಿನ ಗುಡ್ಡಗಳು ಜರಿದುದು ಅದನ್ನು ಎಲ್ಲರಿಗೂ ಕಲಿಸಿರುವುದು. ಆದರೆ ಸಾಮಾನ್ಯವಾಗಿ ಎಲ್ಲರಿಗಿಂತ ಕಡೆಗೆ ಕರೆಯಲ್ಪಡುವವನು ಮಾತು ಬಲ್ಲವನು. ಕಟ್ಟಡ ಮುಗಿದ ಮೇಲೆ, ಗಾಜಿನ ಪೆಟ್ಟಿಗೆಗಳು ಬಂದ ಮೇಲೆ, ಉದ್ಘಾಟನೆಯ ಹಿಂದಿನ ದಿನ ಎರಡು ಸಾಲಿನ ಫಲಕ ಬರೆದುಕೊಡೆಂದು ಅವನನ್ನು ಕೇಳುವರು. ವೀರಗಲ್ಲಿನ ಕೆಳಗೆ ಕಾಲವನ್ನೂ ಅಳತೆಯನ್ನೂ ಮಾತ್ರ ಬರೆದರೆ ಅದು ದಾಖಲೆಯಾಗುವುದು, ಕಥೆಯಾಗದು. ಕೊಡವ ತಕ್ಕ್, ಅರೆಭಾಷೆ, ಎರವರ ಮಾತು, ಕನ್ನಡ ಇವುಗಳನ್ನಾಡುವ ಮಕ್ಕಳು ತಮ್ಮ ತಮ್ಮ ಹಿರಿಯರನ್ನು ಆ ಕಲ್ಲಿನಲ್ಲಿ ಕಾಣುವಂತೆ ಬರೆಯುವುದು ಸಾಹಿತ್ಯದ ಕೆಲಸ. ರಾಜನ ವೈಭವ, ಅವನ ಕ್ರೌರ್ಯ, ಇಂಗ್ಲಿಷರ ಜಾಣತನ, ದಂಗೆಯೆದ್ದವರ ಸಾವು ಇವುಗಳಲ್ಲಿ ಯಾವುದನ್ನೂ ಮರೆಮಾಚದೆ ಬರೆಯುವುದು ಧೈರ್ಯದ ಕೆಲಸವೂ ಹೌದು.

ಐನ್‌ಮನೆಯ ಕೈಯಾಲೆಯಲ್ಲಿ ಕಂಬಗಳ ನಡುವೆ ಐಮರವೆಂಬ ಹಲಗೆಯುಂಟು. ಹಿರಿಯರು ಅಲ್ಲಿ ಕುಳಿತು ಮನೆತನದ ಮಾತನ್ನು ಆಡಿಕೊಳ್ಳುವರು. ಮನೆಗೆ ಬಂದವನಿಗೂ ಅಲ್ಲಿ ಎಡೆಯುಂಟು. ಮಡಿಕೇರಿಯ ಕೋಟೆಗೆ ಇಂದು ಅಂತಹ ಹಲಗೆಯೊಂದು ಬೇಕಾಗಿದೆ. ಮಾಡಿನ ಸೋರಿಕೆಯನ್ನು ತಡೆಯುವುದಕ್ಕೆ ಹಣ ಸಾಕು. ಆ ಮಾಡಿನ ಕೆಳಗೆ ಏನನ್ನು ಹೇಳಬೇಕೆಂಬುದನ್ನು ಮಾತ್ರ ಹಲವು ವಿದ್ಯೆಗಳವರು ಒಟ್ಟಿಗೆ ಕುಳಿತು, ಊರಿನವರ ಮಾತನ್ನೂ ಕೇಳಿ, ಮೊದಲೇ ನಿಶ್ಚಯಿಸಿಕೊಳ್ಳಬೇಕು.