ನಮ್ಮ ವಂಶಾವಳಿಗಳ ಪ್ರಾಮಾಣ್ಯ: ಖಾನೇಷುಮಾರಿ ಮತ್ತು ಮದುವೆಯ ದಾಖಲೆಗಳು

ಮುಂಬಯಿ, ಠಾಣೆ, ಕಳವಾ, ಡೊಂಬಿವಲಿ, ಕಲ್ಯಾಣ ಈ ಊರುಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ವಂಶಾವಳಿಯ ಪುಸ್ತಿಕೆಯನ್ನು ಅಚ್ಚು ಹಾಕಿಸುವ ರೂಢಿ ಬೆಳೆದುಬಂದಿದೆ. ಹಿರಿಯರ ಷಷ್ಟ್ಯಬ್ದಿಯಂದೋ, ಸಹಸ್ರಚಂದ್ರದರ್ಶನದಂದೋ, ಮೊಮ್ಮಗಳ ಮದುವೆಯಲ್ಲೋ ಅದನ್ನು ತಾಂಬೂಲದೊಡನೆ ಹಂಚುತ್ತಾರೆ. ತಾಂಬೂಲದೊಡನೆ ಬಂದುದನ್ನು ಯಾರೂ ವಿಮರ್ಶಿಸುವುದಿಲ್ಲ. ಕವನಸಂಗ್ರಹವೊಂದು ಹೊರಬಂದರೆ ಅದರ ಗುಣದೋಷಗಳನ್ನು ತೂಗಲು ನಮ್ಮಲ್ಲಿ ಹತ್ತು ಜನ ಮುಂದಾಗುತ್ತಾರೆ. ನೂರೈವತ್ತು ವರ್ಷಗಳ ಇತಿಹಾಸವನ್ನು ಹೇಳಹೊರಟ ಈ ಪುಸ್ತಿಕೆಗಳನ್ನು ಮಾತ್ರ ಮನೆಯ ಮಾತೆಂದು ಬಿಟ್ಟುಬಿಡುತ್ತೇವೆ. ಆದರೆ ಊರು ಬಿಟ್ಟು ಬಂದವರ ಮೂರನೆಯ ತಲೆಮಾರಿಗೆ ಊರಿನ ನೆನಪೆಂಬುದು ಈ ಪುಸ್ತಿಕೆಯಲ್ಲಿರುವಷ್ಟೇ ಆಗಿ ಉಳಿಯುತ್ತದೆ. ಆದುದರಿಂದ ಅಲ್ಲಿ ಬರೆದುದು ಯಾವ ಆಧಾರದ ಮೇಲೆ ನಿಂತಿದೆಯೆಂದು ವಿಚಾರಿಸುವುದು ಅಗತ್ಯ.

ಇವುಗಳ ರಚನೆ ಬಹುಮಟ್ಟಿಗೆ ಒಂದೇ ಬಗೆಯದು. ಮೊದಲ ಪುಟದಲ್ಲಿ ಕುಲದೇವತೆ. ಎರಡನೆಯದರಲ್ಲಿ ಯಾವನೋ ಅರಸನಿಂದ ಭೂಮಿಯನ್ನು ಪಡೆದ ಮೂಲಪುರುಷ. ಠಾಣೆಯ ಆಸುಪಾಸಿನವರಿಗೆ ಶಿಲಾಹಾರರೆಂಬ ಇನ್ನೊಂದು ಆಕರ್ಷಣೆಯೂ ಉಂಟು. ಸ್ಥಾನಕವನ್ನಾಳಿದ ಆ ಮನೆತನದಲ್ಲಿ ಝಂಝ, ಗೊಗ್ಗಿ, ವಜ್ಜಡ ಎಂಬ ಹೆಸರುಗಳಿರುವುದು ನಿಜ. ಅಂಬರನಾಥದ ದೇವಾಲಯದ ಶಾಸನ ಶಕ 982ರದೆಂಬುದೂ ನಿಜ. ಇದರಿಂದ ನಮಗೆ ಹಿಗ್ಗಾಗುವುದು ಸಹಜವೇ. ಆದರೆ ಅಲ್ಲಿಂದ ಒಂದೇ ನೆಗೆತಕ್ಕೆ 20ನೆಯ ಶತಮಾನಕ್ಕೆ ಇಳಿಯುವ ಲೇಖಕನಿಗೆ ತನ್ನ ಮುತ್ತಜ್ಜನ ತಾಯಿಯ ಹೆಸರು ತಿಳಿದಿರುವುದಿಲ್ಲ. ಶಿಲಾಹಾರರಿಗೆ ಶಾಸನಗಳಿವೆ, ಮುತ್ತಜ್ಜನಿಗೆ ಏನಿದೆ? ಈ ಪ್ರಶ್ನೆಗೆ ಪುಸ್ತಿಕೆಗಳು ಕೊಡುವ ಉತ್ತರ ಎರಡು: ‘1881ರ ಖಾನೇಷುಮಾರಿಯ ಪ್ರಕಾರ’ ಎಂಬುದೊಂದು, ‘ಸರಕಾರಿ ವಿವಾಹ ದಾಖಲೆಯ ಪ್ರಕಾರ’ ಎಂಬುದು ಇನ್ನೊಂದು. ಎರಡನ್ನೂ ಪರೀಕ್ಷಿಸೋಣ.

ಹಿಂದುಸ್ಥಾನದ ಮೊದಲ ವ್ಯಾಪಕ ಗಣತಿ 1872ರ ಸುಮಾರಿಗೆ ಬೇರೆ ಬೇರೆ ಪ್ರಾಂತಗಳಲ್ಲಿ ಬೇರೆ ಬೇರೆ ದಿನ ನಡೆಯಿತು. ಎಲ್ಲೆಡೆಯೂ ಏಕಕಾಲಕ್ಕೆ ನಡೆದುದು 1881ರ ಫೆಬ್ರುವರಿ 17ರ ರಾತ್ರಿ. ಗಣತಿದಾರರು ಮನೆಮನೆಗೆ ಹೋಗಿ ಹೆಸರು, ವಯಸ್ಸು, ಜಾತಿ, ಮಾತೃಭಾಷೆ, ಹುಟ್ಟಿದ ಊರು, ಉದ್ಯೋಗ ಎಲ್ಲವನ್ನೂ ಬರೆದುಕೊಂಡರೆಂಬುದು ಸತ್ಯ. ಆದರೆ ಆ ಬರಹದ ಉದ್ದೇಶ ಎಣಿಕೆಯೇ ಹೊರತು ವ್ಯಕ್ತಿಯನ್ನು ನೆನಪಿನಲ್ಲಿಡುವುದಲ್ಲ. ಮೊತ್ತಗಳು ತಯಾರಾದ ಮೇಲೆ ಮನೆವಾರು ತಖ್ತೆಗಳನ್ನು ನಾಶಪಡಿಸಲಾಯಿತು. ಅಚ್ಚಾಗಿ ಉಳಿದವು ಕೋಷ್ಟಕಗಳು ಮಾತ್ರ. 1901ರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚೀಟಿ ಬರೆದು, ಚೀಟಿಗಳನ್ನು ವಿಂಗಡಿಸಿ ಎಣಿಸುವ ಕ್ರಮ ಬಂದಿತು. ಹೀಗೆ ಮನುಷ್ಯ ಕೆಲವು ತಿಂಗಳ ಕಾಲ ಚೀಟಿಯಾಗಿ ಬಾಳಿ ಅನಂತರ ಅಂಕೆಯಲ್ಲಿ ಲೀನನಾದನು. ಸ್ವಾತಂತ್ರ್ಯಾನಂತರದ 1948ರ ಗಣತಿ ಕಾಯಿದೆಯಾದರೋ ವ್ಯಕ್ತಿವಾರು ಬರಹವನ್ನು ಯಾರೂ ನೋಡದಂತೆ ಸ್ಪಷ್ಟವಾಗಿ ನಿರ್ಬಂಧಿಸಿದೆ.

ಇಂಗ್ಲಂಡಿನ ಪರಿಸ್ಥಿತಿ ಬೇರೆ. ಅಲ್ಲಿ 1841ರಿಂದೀಚಿನ ಮನೆವಾರು ಪಟ್ಟಿಗಳು ಉಳಿದುಬಂದಿವೆ. ನೂರು ವರ್ಷ ತುಂಬಿದ ಮೇಲೆ ಅವನ್ನು ಸಾರ್ವಜನಿಕರಿಗೆ ತೆರೆಯುತ್ತಾರೆ. 1921ರದು 2022ರಲ್ಲಿ ತೆರೆಯಿತು. ನಮ್ಮವರು ಅಲ್ಲಿರುವ ಮಕ್ಕಳ ಮನೆಗೆ ಹೋದಾಗ ನೆರೆಯ ಇಂಗ್ಲಿಷರು ಪೂರ್ವಜರನ್ನು ಬೀದಿ, ಮನೆಸಂಖ್ಯೆ ಸಹಿತ ಹುಡುಕಿ ತೆಗೆಯುವುದನ್ನು ಕಂಡು ಬರುತ್ತಾರೆ. ನಮ್ಮಲ್ಲಿಯೂ ಹಾಗೆಯೇ ಇರಬೇಕೆಂದು ಭಾವಿಸುತ್ತಾರೆ. ಆದುದರಿಂದ ‘1881ರ ಖಾನೇಷುಮಾರಿಯಲ್ಲಿ ನಮ್ಮ ಮುತ್ತಜ್ಜನ ಹೆಸರಿದೆ’ ಎಂಬ ವಾಕ್ಯವನ್ನು ಕಂಡಲ್ಲಿ ವಾಚಕರು ಸಂಶಯಪಡಬೇಕು. ಬರೆದವರು ನೋಡಿರಬಹುದಾದುದು ಹೆಚ್ಚೆಂದರೆ ಕ್ಯಾಂಪ್ಬೆಲ್ ಸಂಪಾದಿಸಿದ ಮುಂಬಯಿ ಇಲಾಖೆಯ ಗ್ಯಾಝೆಟಿಯರನ್ನು. ಅದರ ಠಾಣೆಯ ಸಂಪುಟ 1882ರಲ್ಲಿ, ಕಾನಡಾ ಜಿಲ್ಲೆಯದು 1883ರಲ್ಲಿ, ಧಾರವಾಡದ್ದು 1884ರಲ್ಲಿ ಪ್ರಕಟವಾದವು. ಅವುಗಳಲ್ಲಿ ಜಾತಿಗಳ ವರ್ಣನೆಯಿದೆ, ಸಂಖ್ಯೆಯಿದೆ. ಯಾವ ರೈತನ ವಂಶವೃಕ್ಷವೂ ಇಲ್ಲ.

ಹಾಗೆಂದು ಖಾನೇಷುಮಾರಿ ನಿರುಪಯೋಗಿಯೆಂದು ನನ್ನ ಅಭಿಪ್ರಾಯವಲ್ಲ. ಅದು ಹೆಸರನ್ನು ಹೇಳದಿದ್ದರೂ ಮನೆಮಾತನ್ನು ಒರೆಗೆ ಹಚ್ಚಬಲ್ಲದು. ‘ನಮ್ಮ ಹಿರಿಯರು ದೊಡ್ಡ ಬರದಲ್ಲಿ ಊರು ಬಿಟ್ಟರು’ ಎಂಬ ಮಾತು ಬಯಲುಸೀಮೆಯ ಎಷ್ಟೋ ಮನೆತನಗಳಲ್ಲಿದೆ. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412 ಇದ್ದುದು 1881ರಲ್ಲಿ 41,86,188ಕ್ಕೆ ಇಳಿದಿತ್ತು. ಅಂದಿನ ಕಲಾದಗಿ ಜಿಲ್ಲೆಯಲ್ಲಿ, ಎಂದರೆ ಇಂದಿನ ವಿಜಯಪುರ ಬಾಗಲಕೋಟೆಗಳ ಸೀಮೆಯಲ್ಲಿ, ಐದರಲ್ಲೊಂದು ಪಾಲಿಗಿಂತ ಹೆಚ್ಚು ಜನ ಕಡಿಮೆಯಾಗಿದ್ದರು. ನಡುವೆ ಬಂದುದು 1876–78ರ ಕ್ಷಾಮ. ಈ ಅಂಕೆಗಳನ್ನು ಎದುರಿಗಿಟ್ಟುಕೊಂಡು ಓದಿದರೆ ‘ಮೂವರು ಅಣ್ಣತಮ್ಮಂದಿರಲ್ಲಿ ಒಬ್ಬನ ವಂಶ ಮಾತ್ರ ಬೆಳೆಯಿತು’ ಎಂದು ಪುಸ್ತಿಕೆಯಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ ಸಂಗತಿ ಬೇರೆಯೇ ಅರ್ಥವನ್ನು ಪಡೆಯುತ್ತದೆ. ಆ ಇಬ್ಬರು ಎಲ್ಲಿ ಹೋದರೆಂದು ಲೇಖಕರು ಕೇಳಿಯೇ ಇಲ್ಲ.

ಅದೇ 1881ರ ಗಣತಿ ವಯಸ್ಸಿನ ಅನುಸಾರ ವಿವಾಹಿತರನ್ನೂ ವಿಧವೆಯರನ್ನೂ ಎಣಿಸಿತು. ಬೆಹ್ರಾಮ್‌ಜಿ ಮಲಬಾರಿಯವರು 1884ರಲ್ಲಿ ಬಾಲ್ಯವಿವಾಹ ಹಾಗೂ ಬಲವಂತದ ವೈಧವ್ಯಗಳ ವಿರುದ್ಧ ತಮ್ಮ ಟಿಪ್ಪಣಿಗಳನ್ನು ಹೊರಡಿಸಿದುದು ಮುಂಬಯಿಯಲ್ಲಿಯೇ. ಮಂಗಳೂರಿನಲ್ಲಿ 1899ರಲ್ಲಿ ಪ್ರಕಟವಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯ ನಾಯಕಿಯೂ ಬಾಲವಿಧವೆ. ಗಣತಿಯ ಕೋಷ್ಟಕದಲ್ಲಿ ಆಕೆಗೊಂದು ಅಂಕಣವಿದೆ, ಕಾದಂಬರಿಯಲ್ಲಿ ಒಂದು ಬಾಳು ಇದೆ. ನಮ್ಮ ವಂಶಾವಳಿಗಳಲ್ಲಿ ಮಾತ್ರ ಆಕೆಯಿಲ್ಲ. ಯಾಕೆಂದರೆ ಆಕೆಯಿಂದ ವಂಶ ಬೆಳೆಯಲಿಲ್ಲ.

ಸ್ತ್ರೀಯರ ವಿಷಯದಲ್ಲಿ ಗಣತಿಯೂ ಪೂರ್ಣ ನಿರ್ದೋಷಿಯಲ್ಲ. ಮನೆಯ ಹೆಂಗಸರ ಹೆಸರು ಹೇಳಲು ಯಜಮಾನನು ಒಪ್ಪದಿದ್ದರೆ ಹೆಸರಿನ ಜಾಗದಲ್ಲಿ ‘ಸ್ತ್ರೀ’ ಎಂದಷ್ಟೇ ಬರೆಯಬೇಕೆಂದು 20ನೆಯ ಶತಮಾನದ ಆರಂಭದ ಗಣತಿಗಳಲ್ಲಿ ಸೂಚನೆಯಿತ್ತು. ಅಲ್ಲದೆ 1901ರಲ್ಲಿ ರಿಸ್ಲಿಯವರು ಜಾತಿಗಳನ್ನು ಸಾಮಾಜಿಕ ಮೇಲುಕೀಳಿನ ಕ್ರಮದಲ್ಲಿ ಜೋಡಿಸಲು ಹೊರಟಾಗ ನಾನಾ ಪ್ರಾಂತಗಳಿಂದ ಅರ್ಜಿಗಳ ಮಳೆಯೇ ಸುರಿಯಿತು. ಅನಾದಿಯಿಂದ ಬಂದುದೆಂದು ಪುಸ್ತಿಕೆಯ ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವ ಕೆಲವು ಜಾತಿನಾಮಗಳ ವಯಸ್ಸು ಆ ಅರ್ಜಿಗಳ ವಯಸ್ಸಿಗಿಂತ ಹೆಚ್ಚಿನದಿರಲಾರದು.

ಇನ್ನು ಮದುವೆಯ ದಾಖಲೆ. ಹಿಂದೂ ವಿವಾಹಗಳನ್ನು ಸರಕಾರದ ಪುಸ್ತಕದಲ್ಲಿ ಬರೆಯುವ ಪದ್ಧತಿ 19ನೆಯ ಶತಮಾನದಲ್ಲಿ ಇರಲೇ ಇಲ್ಲ. 1886ರ ಕಾಯಿದೆಯ ಹೆಸರಿನಲ್ಲಿ ಜನನ ಮರಣಗಳೊಡನೆ ‘ವಿವಾಹ’ವೂ ಸೇರಿರುವುದರಿಂದ ಹಲವರಿಗೆ ಭ್ರಮೆಯಾಗಿದೆ, ಅದು ಸಂಬಂಧಿಸಿದುದು ಕ್ರೈಸ್ತರು, ಪಾರ್ಸಿಗಳು ಮತ್ತು 1872ರ ವಿಶೇಷ ಕಾಯಿದೆಯಂತೆ ಮದುವೆಯಾದ ಕೆಲವರ ವಿವಾಹಗಳಿಗೆ. ಮುಂಬಯಿ ರಾಜ್ಯದಲ್ಲಿ ವಿವಾಹ ನೋಂದಣಿಯ ಕಾಯಿದೆಯಾದುದು 1953ರದು. ಹಿಂದೂ ವಿವಾಹ ಕಾಯಿದೆ 1955ರದು. ಆದಕಾರಣ 1870ರಲ್ಲಿ ಹುಬ್ಬಳ್ಳಿಯಲ್ಲಿ ನಡೆದ ಒಂದು ಮದುವೆಯ ‘ಸರಕಾರಿ ದಾಖಲೆ’ ಎಂಬುದು, ವಧೂವರರು ಕ್ರೈಸ್ತರಾಗಿರದಿದ್ದರೆ, ಕಲ್ಪನೆಯೇ ಸರಿ.

ಕ್ರೈಸ್ತ ಕನ್ನಡಿಗರ ವಿಷಯದಲ್ಲಿ ಮಾತ್ರ ನಿಜವಾದ ದಾಖಲೆಗಳಿವೆ. 1563ರಲ್ಲಿ ಟ್ರೆಂಟ್ ಪರಿಷತ್ತು ವಿವಾಹಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ವಿಧಿಸಿದಂದಿನಿಂದ ಕಥೋಲಿಕ ಇಗರ್ಜಿಗಳಿಗೆ ಅದು ಕರ್ತವ್ಯವಾಯಿತು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದು ನೆಲೆಸಿದರು. ಅವರ ಸಭೆಗಳ ಜ್ಞಾನಸ್ನಾನ, ವಿವಾಹ, ಮರಣಗಳ ಪುಸ್ತಕಗಳು ಅಂದಿನಿಂದಲೇ ಆರಂಭವಾಗುತ್ತವೆ. ನೇಕಾರಿಕೆಗೂ ಹಂಚಿನ ಕಾರಖಾನೆಗೂ ಸೇರಿದ ಸಾಮಾನ್ಯ ಮನುಷ್ಯನ ಹೆಂಡತಿಗೆ ಅಲ್ಲಿ ಹೆಸರಿದೆ. ಅದೇ ವರ್ಷ ಪಕ್ಕದ ಓಣಿಯಲ್ಲಿ ವೈಭವದಿಂದ ಮದುವೆಯಾದ ದೇಸಾಯರ ಸೊಸೆಗೆ ಇಲ್ಲ.

ದಕ್ಷಿಣ ಕನ್ನಡದಿಂದ ಬಂದವರ ಪುಸ್ತಿಕೆಗಳಲ್ಲಿ ಕಾಣುವ ದೋಷ ಇದಕ್ಕಿಂತ ಗುರುತರವಾದುದು. ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರಲ್ಲಿ 19ನೆಯ ಶತಮಾನದಲ್ಲಿ ನಡೆಯುತ್ತಿದ್ದುದು ಅಳಿಯಸಂತಾನದ ಕಟ್ಟು. ಬಳಿ ತಾಯಿಯಿಂದ ಬರುತ್ತದೆ, ಕವರು ತಾಯಿಯಿಂದ ಬೆಳೆಯುತ್ತದೆ. ಅಂಥ ಮನೆತನದ ಇಂದಿನ ವಂಶಜರು ಮುಂಬಯಿಯಲ್ಲಿ ಅಚ್ಚು ಹಾಕಿಸುವ ವೃಕ್ಷವಾದರೋ ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಇಳಿಯುತ್ತದೆ! ಆ ಕಾಲದಲ್ಲಿ ಆಸ್ತಿಗೂ ಕುಟುಂಬಕ್ಕೂ ಸೇರದಿದ್ದವನನ್ನು ಬುಡದಲ್ಲಿ ನಿಲ್ಲಿಸಿ, ಬುಡವೇ ಆಗಿದ್ದ ಹೆಂಗಸನ್ನು ಕಡಿದು ಹಾಕಿದಂತಾಯಿತು. ಈ ಕುಟುಂಬಗಳಿಗೆ ಮದುವೆಯ ನೋಂದಣಿಯಿಂದ ಸಹಾಯವಿಲ್ಲ. ಮದರಾಸಿನ 1896ರ ಮಲಬಾರ ವಿವಾಹ ಕಾಯಿದೆಯಡಿ ನೋಂದಾಯಿಸಿಕೊಂಡವರು ತೀರ ವಿರಳ. ಸಹಾಯವಿರುವುದು ಕೋರ್ಟಿನ ಕಾಗದಗಳಿಂದ. ಬಲವಂತದಿಂದ ಕುಟುಂಬದ ಪಾಲು ಕೇಳುವಂತಿಲ್ಲವೆಂದು ಮದರಾಸು ಹೈಕೋರ್ಟು 1863ರಲ್ಲಿ ತೀರ್ಮಾನಿಸಿದ ಮೇಲೆ, ಪಾಲಿನ ಹಕ್ಕನ್ನು 1949ರ ಕಾಯಿದೆ ಕೊಡುವವರೆಗೂ, ಯಜಮಾನಿಕೆಗಾಗಿ, ಜೀವನಾಂಶಕ್ಕಾಗಿ ವ್ಯಾಜ್ಯಗಳು ನಡೆಯುತ್ತಲೇ ಇದ್ದವು. ಅಂಥ ವ್ಯಾಜ್ಯದಲ್ಲಿ ವಾದಿ ತನ್ನ ಹಕ್ಕನ್ನು ಸ್ಥಾಪಿಸಬೇಕಾದರೆ ಅಜ್ಜಿಯ, ಮುತ್ತಜ್ಜಿಯ, ಅವರ ಅಕ್ಕತಂಗಿಯರ ಹೆಸರನ್ನು ಕ್ರಮವಾಗಿ ಹೇಳಲೇಬೇಕು. ಸರಕಾರ ಕೇಳಿದಾಗ ಮುಚ್ಚಿಟ್ಟ ಹೆಸರು ಆಸ್ತಿಯ ಪ್ರಶ್ನೆ ಬಂದಾಗ ತಾನಾಗಿ ಹೊರಬೀಳುತ್ತದೆ.

ಬಯಲುಸೀಮೆಯ ಮದುವೆಗಳಿಗೂ ಒಂದು ದಾಖಲೆಯುಂಟು, ಆದರೆ ಅದು ಸರಕಾರದ್ದಲ್ಲ. ಮುಯ್ಯಿಯ ಪಟ್ಟಿ, ಧಾರವಾಡದ ಕಡೆ ಹೇಳುವಂತೆ ಆಯೇರಿಯ ಯಾದಿ, ಹಳೆಯ ಲೆಕ್ಕದ ಪುಸ್ತಕಗಳ ನಡುವೆ ಸಿಗುತ್ತದೆ. ಯಾವ ಊರಿನ ಯಾರು ಎಷ್ಟು ರೂಪಾಯಿ, ಯಾವ ಖಣ, ಯಾವ ಪಾತ್ರೆ ಕೊಟ್ಟರೆಂದು ಅದರಲ್ಲಿ ಬರೆದಿರುತ್ತದೆ. ತಿರುಗಿ ಕೊಡಬೇಕಾದ ಋಣವಾದುದರಿಂದ ಸುಳ್ಳು ಬರೆಯಲು ಕಾರಣವಿಲ್ಲ. ವಧುವಿನ ತವರು, ಅತ್ತೆಯ ತವರು, ಸೋದರಮಾವಂದಿರ ಊರು ಇವೆಲ್ಲ ಊರ ಹೆಸರುಗಳ ಮೂಲಕ ಬಯಲಾಗುತ್ತವೆ. ಇಂಥ ಪಟ್ಟಿಯನ್ನು ರದ್ದಿಗೆ ಹಾಕಿ, ಇಲ್ಲದ ಸರಕಾರಿ ದಾಖಲೆಯನ್ನು ಉಲ್ಲೇಖಿಸುವುದು ನಮ್ಮ ಪುಸ್ತಿಕೆಗಳ ವೈಚಿತ್ರ್ಯ.

ಹೆಳವರ ಮಾತನ್ನೂ ಇಲ್ಲಿ ಹೇಳಬೇಕು. ಎತ್ತಿನ ಮೇಲೆ ಊರೂರಿಗೆ ಬಂದು ಒಕ್ಕಲು ಮನೆಗಳ ಹಿರಿಯರ ಹೆಸರುಗಳನ್ನು ಹಾಡಿ, ಹೊಸದಾಗಿ ಹುಟ್ಟಿದವರನ್ನು ತಮ್ಮ ಪುಸ್ತಕದಲ್ಲಿ ಸೇರಿಸಿಕೊಂಡು ಹೋಗುವ ಈ ಜನರನ್ನು ಸುಶಿಕ್ಷಿತರು ಭಿಕ್ಷುಕರೆಂದು ಬಗೆದರು. ಬೆಡಗು, ಮೂಲಸ್ಥಳ, ಯಾವ ಊರಿನಿಂದ ಯಾವ ಊರಿಗೆ ಬಂದರೆಂಬ ಕ್ರಮ ಇವುಗಳಿಗೆ ಹೆಳವರ ಪುಸ್ತಕದಷ್ಟು ವಿಸ್ತಾರವಾದ ಆಕರ ಇನ್ನೊಂದಿಲ್ಲ. ಕಾಲನಿರ್ದೇಶ ಅವರಲ್ಲಿ ದುರ್ಬಲ, ದಾನ ಕೊಟ್ಟ ಮನೆಯ ಹೊಗಳಿಕೆ ಪ್ರಬಲ, ಹೆಸರುಗಳು ಗಂಡಸರವೇ. ಇದಕ್ಕೆ ಪೂರಕವಾಗಿ ನಾಸಿಕದ ತೀರ್ಥೋಪಾಧ್ಯಾಯರ ಬಹಿಗಳಿವೆ. ಯಾತ್ರಿಕ ತಾನೇ ಬಂದು ಬರೆಸಿದ ಹೆಸರು, ಊರು, ತಿಥಿ ಅಲ್ಲಿರುವುದರಿಂದ ಹೆಳವರ ತಲೆಮಾರಿಗೆ ವರ್ಷವನ್ನು ಹೊಂದಿಸಬಹುದು. ಕಲ್ಯಾಣದ ಮೇಲಿಂದ ಹೋಗುವ ಗಾಡಿ ಹತ್ತಿದರೆ ನಾಸಿಕ ಎಷ್ಟು ದೂರ?

ಇಲ್ಲಿಯೇ ನಮ್ಮ ಪ್ರದೇಶದ ಕನ್ನಡಿಗರಿಗೆ ಒಂದು ವಿಶೇಷ ಅನುಕೂಲವಿದೆ. ರೈಲುಮಾರ್ಗ ಠಾಣೆಯ ಖಾಡಿಯನ್ನು ದಾಟಿ ಕಲ್ಯಾಣವನ್ನು ಮುಟ್ಟಿದುದು 1854ರಲ್ಲಿ. ಖಾಡಿ ದಾಟಿದೊಡನೆ ಸಿಗುವ ಊರು ಕಳವಾ. ಅದಕ್ಕೆ ಎರಡು ವರ್ಷ ಹಿಂದೆ, 1852ರಲ್ಲಿ, ಇನಾಮು ಆಯೋಗದ ಕಾಯಿದೆ ಬಂದಿತ್ತು. ಇನಾಮು, ವತನಗಳನ್ನು ಉಳಿಸಿಕೊಳ್ಳಲು ಧಾರವಾಡ, ಬೆಳಗಾವಿ ಸೀಮೆಯ ದೇಸಾಯಿ, ದೇಶಪಾಂಡೆ, ಕುಲಕರ್ಣಿ, ಮಠ, ಅಗ್ರಹಾರಗಳವರೆಲ್ಲ ಕೈಫಿಯತ್ತು ಬರೆದುಕೊಟ್ಟು, ಸನದುಗಳನ್ನು ತೋರಿಸಿ, ವಂಶಾವಳಿಯನ್ನು ಹಾಜರುಪಡಿಸಬೇಕಾಯಿತು. 1956ರ ನವೆಂಬರ 1ರವರೆಗೆ ಆ ಜಿಲ್ಲೆಗಳು ಮುಂಬಯಿ ಆಡಳಿತಕ್ಕೆ ಸೇರಿದ್ದುದರಿಂದ ಈ ಬಗೆಯ ಕಾಗದಗಳ ದೊಡ್ಡ ರಾಶಿ ಪುಣೆ ದಫ್ತರದಲ್ಲಿಯೂ ಮುಂಬಯಿಯ ಪತ್ರಾಗಾರದಲ್ಲಿಯೂ ಉಳಿಯಿತು. ಧಾರವಾಡದಲ್ಲಿರುವ ದಾಯಾದಿಗಿಂತ ಕಳವಾದ ಬಾಡಿಗೆಯ ಮನೆಯಲ್ಲಿರುವವನೇ ಅಜ್ಜನ ಕಾಗದಕ್ಕೆ ಹತ್ತಿರದವನು! ತೊಡಕು ಮೋಡಿ ಲಿಪಿಯದು. ಆದರೆ ಮೋಡಿಯನ್ನು ಬಲ್ಲವರು ಮಹಾರಾಷ್ಟ್ರದಲ್ಲಲ್ಲದೆ ಮತ್ತೆಲ್ಲಿ ಸಿಕ್ಕಾರು? ಹಕ್ಕುಪತ್ರಗಳ ಕ್ರಮ 1903ರಿಂದ ಮುಂಬಯಿ ಇಲಾಖೆಯಲ್ಲಿ ಜಾರಿಗೆ ಬಂದುದರಿಂದ, ಊರಿನ ಚಾವಡಿಯ ಹಳೆಯ ಉತಾರದಲ್ಲಿ ವಾರಸಾ ನೋಂದು ಸಿಕ್ಕರೆ 1850ರ ಸುಮಾರಿಗೆ ಹುಟ್ಟಿದವನ ಹೆಸರು ಕೈಗೆ ಬಂದಂತೆಯೇ. ಅಲ್ಲಿಂದ ಕೈಫಿಯತ್ತಿಗೆ ಒಂದೇ ಮೆಟ್ಟಿಲು.

ಈ ಕಾಗದಗಳನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಅವು ಭೂಮಿಯನ್ನು ಉಳಿಸಿಕೊಳ್ಳಲೆಂದು ಬರೆದವು; ದತ್ತಕನು ಔರಸನಾಗುವುದು, ಎರಡು ತಲೆಮಾರು ಒಂದಾಗುವುದು ಅಲ್ಲಿ ಅಸಂಭವವಲ್ಲ. ಭೈರಪ್ಪನವರ ‘ವಂಶವೃಕ್ಷ’ ಕಾದಂಬರಿಯ (1965) ಶ್ರೋತ್ರಿಯರಿಗೆ ತಮ್ಮ ಹುಟ್ಟಿನ ನಿಜ ತಿಳಿಯುವುದು ಮನೆಯ ಹಳೆಯ ಕಾಗದದಿಂದಲೇ. ವಂಶದ ಶುದ್ಧಿಯ ಮೇಲೆ ಕಟ್ಟಿದ ಬಾಳೆಲ್ಲ ಅಲ್ಲಿ ಅಲುಗಾಡುತ್ತದೆ. ಪೂರ್ವಜರನ್ನು ಹುಡುಕಹೊರಟವರಿಗೆ ಅಂಥ ಕಾಗದ ಸಿಗಲೂಬಹುದು. ಸಿಕ್ಕಿದುದನ್ನು ಬಚ್ಚಿಟ್ಟು, ಬೇಕಾದುದನ್ನು ಮಾತ್ರ ಅಚ್ಚು ಹಾಕಿಸುವುದಾದರೆ ಇಷ್ಟೆಲ್ಲ ಶ್ರಮವೇಕೆ? ಪ್ರತಿಯೊಂದು ಹೆಸರಿನ ಎದುರಿಗೆ ಅದು ಉತಾರದಿಂದ ಬಂದುದೋ, ಹೆಳವನ ಬಾಯಿಂದ ಬಂದುದೋ, ಅಜ್ಜಿಯ ಮಾತೋ ಎಂದು ಒಂದು ಪದದಲ್ಲಿ ಸೂಚಿಸಿ, ತಿಳಿಯದ ಹೆಂಗಸರ ಜಾಗವನ್ನು ಅಳಿಸದೆ ಖಾಲಿಯಾಗಿ ಬಿಟ್ಟರೂ ಸಾಕು, ಮುಂದಿನವರು ತುಂಬಿಯಾರು.

ಉತ್ತರ ಕನ್ನಡದವರಿಗೆ ಒಂದು ಸೂಚನೆ ಉಳಿದಿದೆ. ಕಾರವಾರ, ಕುಮಟೆ, ಹೊನ್ನಾವರಗಳ ಸೀಮೆ 1862ರಲ್ಲಿ ಮದರಾಸಿನಿಂದ ಮುಂಬಯಿ ಇಲಾಖೆಗೆ ವರ್ಗವಾಯಿತು. ಆ ವರ್ಷಕ್ಕೆ ಹಿಂದಿನ ಹಿರಿಯರನ್ನು ಹುಡುಕುವವರು ಪುಣೆಯನ್ನು ಬಿಟ್ಟು ಚೆನ್ನೈಯ ಎಗ್ಮೋರಿನ ಪತ್ರಾಗಾರದಿಂದ ಆರಂಭಿಸುವುದು ಲೇಸು. ಕಾಸರಗೋಡಿನವರಿಗೂ ಅದೇ ಮಾರ್ಗ. ಅವರ ತಾಲೂಕು 1956ರವರೆಗೂ ದಕ್ಷಿಣ ಕನ್ನಡಕ್ಕೆ ಸೇರಿದ್ದಿತು.