ಡ್ರ್ಯಾಗನ್ ಇಲ್ಲ ಸರಿ, ಕೀವು ಎಲ್ಲಿ?

ಜೆಕ್ ದೇಶದ ವಾರ್‌ಹಾರ್ಸ್ ಸ್ಟುಡಿಯೋಸ್ 2014ರಲ್ಲಿ ‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್’ ಆಟಕ್ಕೆ ಜನರಿಂದ ಹಣ ಕೂಡಿಸಲು ಹೊರಟಾಗ, ಇದರಲ್ಲಿ ಡ್ರ್ಯಾಗನ್‌ಗಳಿಲ್ಲ ಎಂದೇ ಹೇಳಿಕೊಂಡಿತ್ತು. ಮಾಟಮಂತ್ರವಿಲ್ಲ. 1403ರ ಬೊಹೀಮಿಯಾ, ಹೆನ್ರಿ ಎಂಬ ಕಮ್ಮಾರನ ಮಗ, ಸಿಗಿಸ್ಮಂಡ್ ರಾಜನ ಸೈನ್ಯ ಸುಟ್ಟುಹಾಕಿದ ಸ್ಕಾಲಿಟ್ಸ್ ಎಂಬ ಊರು, ಇಷ್ಟೇ ಬಂಡವಾಳ. 2018ರಲ್ಲಿ ಆಟ ಹೊರಬಂದಾಗ ಅದರ ಚಾರಿತ್ರಿಕ ನಿಷ್ಠೆಯನ್ನು ಹಲವರು ಕೊಂಡಾಡಿದರು. ಉಡುಗೆ, ಕವಚ, ಚರ್ಚು, ಹಳ್ಳಿಯ ಬೇಲಿಗಳ ಮಟ್ಟಿಗೆ ಆ ಹೊಗಳಿಕೆ ಸಲ್ಲತಕ್ಕದ್ದೇ. ಆದರೆ ಒಂದು ಕಾಲದ ಜನ ಏನು ತೊಟ್ಟರು ಎಂಬುದಕ್ಕಿಂತ ಯಾವುದಕ್ಕೆ ಹೆದರಿದರು, ಯಾವುದರಿಂದ ಸತ್ತರು ಎಂಬುದು ನನಗೆ ಮುಖ್ಯ. ಹಾಗೆ ನೋಡಿದರೆ ಈ ಆಟ ಫ್ಯಾಂಟಸಿಯ ಗಡಿಯನ್ನು ಇನ್ನೂ ದಾಟಿಲ್ಲ.

ಫ್ಯಾಂಟಸಿ ಆಟಗಳ ಅಪಾಯಕ್ಕೆ ಒಂದು ಜಾಯಮಾನವಿದೆ. ಅದು ಎದುರಿಗೆ ಬಂದು ನಿಲ್ಲುತ್ತದೆ, ಅದಕ್ಕೊಂದು ಮುಖವಿರುತ್ತದೆ, ಕತ್ತಿಗೆ ಬಗ್ಗುತ್ತದೆ. 1974ರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಜೀವವನ್ನು ಅಂಕಿಗಳಲ್ಲಿ ಎಣಿಸುವ ಪದ್ಧತಿಯನ್ನು ಬಳಕೆಗೆ ತಂದಿತು. ಒಂದೇ ಒಂದು ಅಂಕ ಉಳಿದ ಯೋಧನೂ ಗಾಯವೇ ಆಗದವನಷ್ಟೇ ಬಲವಾಗಿ ಕತ್ತಿ ಬೀಸುತ್ತಾನೆ. ‘ಸ್ಕೈರಿಮ್’ನಲ್ಲಿ (2011) ಡ್ರ್ಯಾಗನ್ ಬೆಂಕಿ ಉಗುಳುತ್ತಿರುವಾಗಲೇ ಆಟವನ್ನು ತಡೆದು, ಚೀಲದಲ್ಲಿದ್ದ ಚೀಸನ್ನೆಲ್ಲ ತಿಂದು ಜೀವ ತುಂಬಿಕೊಳ್ಳಬಹುದು. ರೋಗ ತಗುಲಿದರೆ ದೇವರ ಪೀಠದ ಮುಂದೆ ಪ್ರಾರ್ಥಿಸಿದರಾಯಿತು.

ನಿಜದ ಗಾಯ ಹೀಗಿರಲಿಲ್ಲ. ಕಮ್ಮಾರನ ಮಗ ಹೆನ್ರಿಯ ಕಥೆ ನಡೆಯುವ ಅದೇ 1403ರ ಜುಲೈ 21ರಂದು, ಇಂಗ್ಲೆಂಡಿನ ಶ್ರೂಸ್‌ಬರಿ ಕಾಳಗದಲ್ಲಿ ಇನ್ನೊಬ್ಬ ಹೆನ್ರಿಯ ಮುಖಕ್ಕೆ ಬಾಣ ನಾಟಿತು. ರಾಜಕುಮಾರ, ವಯಸ್ಸು 16. ಬಾಣ ಮೂಗಿನ ಪಕ್ಕದಲ್ಲಿ ಹೊಕ್ಕಿತ್ತು. ಕೋಲನ್ನು ಎಳೆದದ್ದೇ ಅದು ಕಳಚಿಬಂತು, ಕಬ್ಬಿಣದ ಮೊನೆ ಮಾತ್ರ ಸುಮಾರು ಆರು ಇಂಚು ಆಳದಲ್ಲಿ, ತಲೆಬುರುಡೆಯ ಹಿಂಭಾಗದ ಮೂಳೆಯಲ್ಲಿ ಸಿಕ್ಕಿಕೊಂಡಿತು. ಜಾನ್ ಬ್ರ್ಯಾಡ್‌ಮೋರ್ ಎಂಬ ಲಂಡನ್ನಿನ ಶಸ್ತ್ರವೈದ್ಯನನ್ನು ಕರೆಸಿದರು. ಅವನು ಎಲ್ಡರ್ ಗಿಡದ ತಿರುಳಿನ ಕಡ್ಡಿಗಳಿಗೆ ನಾರುಬಟ್ಟೆ ಸುತ್ತಿ, ಗುಲಾಬಿ ಬೆರೆತ ಜೇನಿನಲ್ಲಿ ಅದ್ದಿ, ಸಣ್ಣದರಿಂದ ದಪ್ಪದಕ್ಕೆ ಏರಿಸುತ್ತ ಗಾಯದ ಬಾಯನ್ನು ಅಗಲ ಮಾಡಿದ. ಇದಕ್ಕೆಂದೇ ತಯಾರಿಸಿದ, ತಿರುಪು ಕೂಡಿಸಿದ ಇಕ್ಕಳವೊಂದನ್ನು ಒಳಗಿಳಿಸಿ, ಮೊನೆಯನ್ನು ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿ ಹೊರತೆಗೆದ. ಆಮೇಲೆ ಬಿಳಿ ದ್ರಾಕ್ಷಾರಸದಲ್ಲಿ ತೊಳೆದು, ದಿನದಿನವೂ ಬತ್ತಿ ಬದಲಿಸಿ, ಸುಮಾರು 20 ದಿನ ಗಾಯವನ್ನು ಒಳಗಿನಿಂದ ಮಾಗಿಸಿದ. ಅರಿವಳಿಕೆ ಇಲ್ಲದ ಕಾಲ ಅದು. ಇದನ್ನೆಲ್ಲ ಬ್ರ್ಯಾಡ್‌ಮೋರನೇ ಲ್ಯಾಟಿನ್‌ನಲ್ಲಿ ಬರೆದಿಟ್ಟಿದ್ದಾನೆ. ಹುಡುಗ ಬದುಕಿ ಐದನೆಯ ಹೆನ್ರಿಯಾದ, ಅಜಿನ್‌ಕೋರ್ಟ್ ಕಾಳಗ ಗೆದ್ದ. ಕೊನೆಗೆ 1422ರಲ್ಲಿ, 35ನೇ ವಯಸ್ಸಿನಲ್ಲಿ ಅವನನ್ನು ಕೊಂದದ್ದು ಶತ್ರುವಲ್ಲ, ದಂಡಿನ ಜೊತೆಗೇ ನಡೆದು ಬರುವ ರಕ್ತಭೇದಿ ಎನ್ನುತ್ತಾರೆ.

ಬೊಹೀಮಿಯಾದ ಹೆನ್ರಿಗೆ ಗಾಯವಾದರೆ? ರಕ್ತ ಸುರಿಯುತ್ತಿದ್ದರೆ ಒಂದು ಪಟ್ಟಿ ಕಟ್ಟಬೇಕು. ಚೆಂಡುಹೂವಿನ ಕಷಾಯ ಕುಡಿಯಬೇಕು, ಇಲ್ಲವೇ ಒಂದು ರಾತ್ರಿ ಮಲಗಬೇಕು. ಬೆಳಗ್ಗೆ ಎದ್ದರೆ ಮೈ ಹೊಸದು. ಕೀವು ಕಟ್ಟುವುದಿಲ್ಲ, ಕೈ ಕೊಳೆಯುವುದಿಲ್ಲ, ಕುಂಟು ಉಳಿಯುವುದಿಲ್ಲ. ಕಥೆಗೆ ಇದೆಲ್ಲ ಗೊತ್ತಿದೆ ಎಂಬುದೇ ನನ್ನ ತಕರಾರಿಗೆ ಮೂಲ. ಅಪ್ಪ ಅಮ್ಮನನ್ನು ಮಣ್ಣು ಮಾಡಲು ಸ್ಕಾಲಿಟ್ಸ್‌ಗೆ ಮರಳಿದ ಹೆನ್ರಿ ಏಟು ತಿಂದು ಬೀಳುತ್ತಾನೆ, ತೆರೇಸಾ ಎಂಬ ಹುಡುಗಿಯ ಆರೈಕೆಯಲ್ಲಿ ಹಲವು ದಿನ ಪ್ರಜ್ಞೆ ತಪ್ಪಿ ಮಲಗುತ್ತಾನೆ. ಆ ದಿನಗಳು ನಮಗೆ ತೋರಿಸುವ ದೃಶ್ಯಗಳಲ್ಲಿ ಮಾತ್ರ ಇವೆ. ಆಟ ನಮ್ಮ ಕೈಗೆ ಬಂದ ಮೇಲೆ ಅಂಥ ದಿನ ಮತ್ತೆ ಬರುವುದಿಲ್ಲ.

ವಿರೋಧಾಭಾಸವೆಂದರೆ, ಪ್ರೇತ ಪಿಶಾಚಿಗಳಿಂದ ತುಂಬಿದ ‘ದಿ ವಿಚರ್ 3’ (2015) ಕೆಲವೆಡೆ ಹೆಚ್ಚು ನಿಜ ಹೇಳುತ್ತದೆ. ಅದರ ವೆಲೆನ್ ಸೀಮೆಯಲ್ಲಿ ಯುದ್ಧ ಹಾದುಹೋಗಿದೆ. ಮರದಲ್ಲಿ ಹೆಣಗಳು ತೂಗುತ್ತವೆ, ಹಳ್ಳಿಗಳಲ್ಲಿ ತಿನ್ನಲು ಇಲ್ಲ. ದ್ವೀಪದ ಗೋಪುರದಲ್ಲಿ ಅಡಗಿ ಕುಳಿತ ಧಣಿಯ ಮೇಲೆ ಹಸಿದ ಜನ ಏರಿಹೋಗುತ್ತಾರೆ, ಆ ದುರಂತದಲ್ಲೇ ಪಿಡುಗಿನ ಹೆಣ್ಣೊಬ್ಬಳು ಪ್ರೇತವಾಗಿ ಹುಟ್ಟುತ್ತಾಳೆ. ಸಿಡುಬಿಗೂ ಕಾಲರಾಕ್ಕೂ ಮಾರಿಯ ಮುಖ ಕೊಟ್ಟ, 1898ರ ಪ್ಲೇಗ್‌ನಿಂದ ಬೆಂಗಳೂರಿನಲ್ಲಿ ಪ್ಲೇಗಮ್ಮನ ಗುಡಿಗಳನ್ನು ಕಂಡ ನಮಗೆ ಈ ಕಲ್ಪನೆ ಅಪರಿಚಿತವಲ್ಲ. ಇಲ್ಲಿ ರಾಕ್ಷಸಿ ರೋಗವನ್ನು ಮರೆಸುವುದಿಲ್ಲ, ನೆನಪಿಸುತ್ತಾಳೆ.

ಭೇದಿಯಿಂದ ಸಾಯಲು ಯಾರು ದುಡ್ಡು ಕೊಟ್ಟು ಆಡುತ್ತಾರೆ ಎಂಬ ವಾದವಿದೆ. ನಾನು ಒಪ್ಪುವುದಿಲ್ಲ. ಅಮೆರಿಕದಲ್ಲಿ 1971ರಲ್ಲಿ ಶಾಲಾ ಮಕ್ಕಳಿಗಾಗಿ ಹುಟ್ಟಿದ ‘ದಿ ಓರೆಗಾನ್ ಟ್ರೇಲ್’ ಮುಂದೆ ಹೆಸರಾದದ್ದೇ ಆಮಶಂಕೆಯ ಸಾವಿನಿಂದ. ತಲೆಮಾರುಗಳ ಮಕ್ಕಳು ಅದನ್ನು ಖುಷಿಯಿಂದ ಆಡಿದರು. ‘ಕಿಂಗ್‌ಡಮ್ ಕಮ್’ ಕೂಡ ಆಟಗಾರರನ್ನು ಮುದ್ದು ಮಾಡಿದ ಆಟವಲ್ಲ. ಚೀಲದಲ್ಲಿ ಅನ್ನಾಹಾರ ಹಳಸುತ್ತದೆ, ಬೇಕೆಂದಾಗ ಆಟವನ್ನು ಉಳಿಸಿಕೊಳ್ಳಲು ಒಂದು ವಿಶೇಷ ಮದ್ಯ ಬೇಕು. ಇಷ್ಟೆಲ್ಲ ಕಿರಿಕಿರಿಯನ್ನು ಜನ ಸಹಿಸಿದ್ದಾರೆ, ಮೆಚ್ಚಿದ್ದಾರೆ.

ಆದ್ದರಿಂದ ಈ ಆಟವನ್ನು ಚರಿತ್ರೆಯ ಪಾಠವೆಂದು ಮಕ್ಕಳ ಕೈಗೆ ಕೊಡುವವರಲ್ಲಿ ನನ್ನದೊಂದು ಕೋರಿಕೆ: ಕೋಟೆ, ಕವಚಗಳನ್ನು ನೋಡಲಿ, ಕತ್ತಿವರಸೆ ಕಲಿಯಲಿ, ಅದರ ಜೊತೆಗೇ ಬ್ರ್ಯಾಡ್‌ಮೋರನ ಆ 20 ದಿನಗಳ ಕಥೆಯನ್ನೂ ಹೇಳಿ.